ಮಾತಿನೊಳಗಿನ ಚಿತ್ರಗಳು

ಮೈಸೂರು ಜಿಲ್ಲೆಯಲ್ಲಿ, ಕೃಷ್ಣರಾಜನಗರಕ್ಕೆ ಹೆಚ್ಚು ದೂರವಿಲ್ಲದ ಸ್ಥಳದಲ್ಲಿ, ಸಾಲಿಗ್ರಾಮವೆಂಬ ಊರಿದೆ. ಶ್ರೀರಾಮಾನುಜಾಚಾರ್ಯರು ಇಲ್ಲಿ ಕೆಲಕಾಲ ತಂಗಿದ್ದರೆಂಬ ನಂಬಿಕೆ ತಲೆಮಾರುಗಳಿಂದ ನಡೆದುಬಂದಿದೆ. ಊರಿನ ಹೆಸರನ್ನು ಕೇಳಿದೊಡನೆ ನಮ್ಮ ಮನಸ್ಸಿಗೆ ಬರುವುದು ದೇವರ ಮನೆಯಲ್ಲಿಟ್ಟು ಪೂಜಿಸುವ ಕಪ್ಪು ಕಲ್ಲು. ನೇಪಾಳದ ಗಂಡಕಿ ನದಿಯಲ್ಲಿ ದೊರೆಯುವ ಆ ನುಣುಪಾದ ಕಲ್ಲಿನ ಒಳಗೆ ಸುರುಳಿಯಾಕಾರದ ಗುರುತೊಂದು ಇರುತ್ತದೆ. ನಮ್ಮ ಹಿರಿಯರು ಅದರಲ್ಲಿ ಮಹಾವಿಷ್ಣುವಿನ ಚಕ್ರವನ್ನು ಕಂಡು ಕೈಮುಗಿದರು.

ಭೂವಿಜ್ಞಾನಿಗಳು ಅದೇ ಗುರುತನ್ನು ಬೇರೊಂದು ಬಗೆಯಿಂದ ವಿವರಿಸುತ್ತಾರೆ. ಹಿಮಾಲಯವು ತಲೆಯೆತ್ತುವ ಮೊದಲು ಆ ಪ್ರದೇಶವೆಲ್ಲ ಕಡಲಾಗಿತ್ತು. ಆ ಕಡಲಿನಲ್ಲಿ ಸುರುಳಿ ಚಿಪ್ಪಿನ ಜೀವಿಗಳು ಬಾಳುತ್ತಿದ್ದವು. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಅವುಗಳ ವಂಶವೇ ಅಳಿಯಿತು. ಚಿಪ್ಪಿನ ಅಚ್ಚು ಮಾತ್ರ ಕಲ್ಲಿನಲ್ಲಿ ಉಳಿಯಿತು. ಈ ಜೀವಿಗಳಿಗೆ ಇಂಗ್ಲಿಷಿನಲ್ಲಿ ‘ಅಮೊನೈಟ್’ ಎಂದು ಹೆಸರು. ಈಜಿಪ್ಟ್ ದೇಶದಲ್ಲಿ ಅಮ್ಮೋನ್ ಎಂಬ ದೇವತೆಯಿದ್ದನು. ಗ್ರೀಕರು ಅವನನ್ನು ತಮ್ಮ ದೇವರಾಜನಾದ ಸ್ಯೂಸನೇ ಎಂದು ಭಾವಿಸಿ, ಟಗರಿನ ಕೊಂಬುಗಳುಳ್ಳವನಾಗಿ ಅವನನ್ನು ಚಿತ್ರಿಸಿದರು. ಕ್ರಿ.ಶ. ಒಂದನೆಯ ಶತಮಾನದ ರೋಮನ್ ಲೇಖಕನಾದ ಪ್ಲಿನಿಯು ಸುರುಳಿಯಾದ ಕಲ್ಲೊಂದನ್ನು ‘ಅಮ್ಮೋನನ ಕೊಂಬು’ ಎಂದು ಕರೆದಿದ್ದಾನೆ. ಒಂದೇ ಬಗೆಯ ಆಕಾರ. ಗಂಡಕಿಯ ದಡದಲ್ಲಿ ಅದು ಚಕ್ರವಾಯಿತು, ಮೆಡಿಟರೇನಿಯನ್ ಕಡಲಿನ ದಡದಲ್ಲಿ ಕೊಂಬಾಯಿತು.

ಕಥೆ ಇಷ್ಟಕ್ಕೇ ಮುಗಿಯಲಿಲ್ಲ. ಲಿಬಿಯಾದ ಮರುಭೂಮಿಯಲ್ಲಿ ಅಮ್ಮೋನನ ದೇಗುಲವೊಂದಿತ್ತು. ಅದರ ಆಸುಪಾಸಿನಲ್ಲಿ ದೊರೆಯುತ್ತಿದ್ದ ಉಪ್ಪಿಗೆ ‘ಅಮ್ಮೋನನ ಉಪ್ಪು’ ಎಂಬ ಹೆಸರು ಬಂತು. ಕಾಲಾಂತರದಲ್ಲಿ ಆ ಹೆಸರು, ಪಾತ್ರೆಗಳಿಗೆ ಕಲಾಯಿ ಹಾಕುವಾಗ ಬಳಸುವ ನವಸಾಗರಕ್ಕೆ ಸಂದಿತು. ನವಸಾಗರದಿಂದ ಪಡೆಯುವ ಘಾಟಾದ ಅನಿಲಕ್ಕೆ ಸ್ವೀಡನ್ ದೇಶದ ವಿಜ್ಞಾನಿ ಬೆರ್ಗ್‌ಮನ್ ೧೭೮೨ರಲ್ಲಿ ‘ಅಮೋನಿಯಾ’ ಎಂದು ಹೆಸರಿಟ್ಟನು. ಭತ್ತದ ಗದ್ದೆಗೆ ಅಮೋನಿಯಂ ಸಲ್ಫೇಟ್ ಎರಚುವ ನಮ್ಮ ರೈತನು, ತನಗೆ ಅರಿವಿಲ್ಲದೆಯೇ, ಎರಡು ಸಾವಿರ ವರ್ಷಗಳಾಚೆಯ ದೇವರೊಬ್ಬನ ಹೆಸರನ್ನು ಉಚ್ಚರಿಸುತ್ತಾನೆ!

ನಾವು ದಿನವೂ ಆಡುವ ಮಾತುಗಳು ಸಾಲಿಗ್ರಾಮದ ಕಲ್ಲಿನಂತೆಯೇ ಇವೆ. ಹೊರಗಿನಿಂದ ನೋಡಿದರೆ ನುಣುಪಾದ ಒಂದು ಉಂಡೆ. ಒಳಗೆ ಎಂದೋ ಜೀವಂತವಾಗಿದ್ದ ಚಿತ್ರವೊಂದರ ಅಚ್ಚು. ಇಂಗ್ಲಿಷಿನ ಮೂಲಕ ನಮ್ಮ ಹಳ್ಳಿಗಳವರೆಗೂ ಬಂದಿರುವ ಗ್ರೀಕ್ ಮತ್ತು ಲ್ಯಾಟಿನ್ ಮಾತುಗಳಲ್ಲಿ ಕೆಲವನ್ನು ಒಡೆದು, ಅವುಗಳ ಒಳಗೇನಿದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೊದಲಿಗೆ ಈ ಮಾತುಗಳು ಇಂಗ್ಲಿಷಿಗೆ ಹೇಗೆ ಬಂದವೆಂಬುದನ್ನು ತಿಳಿಯಬೇಕು. ಇಂಗ್ಲಿಷರ ಮನೆಮಾತು ಮೂಲತಃ ಜರ್ಮನ್ ವರ್ಗಕ್ಕೆ ಸೇರಿದ್ದು. ಮದರ್, ಹೌಸ್, ವಾಟರ್, ಹ್ಯಾಂಡ್ ಮೊದಲಾದ ಮಾತುಗಳು ಆ ಮನೆಯ ಸ್ವಂತ ಆಸ್ತಿ. ರೋಮನರ ಸಂಪರ್ಕದಿಂದ ಸ್ಟ್ರೀಟ್, ವಾಲ್ ಮೊದಲಾದ ಲ್ಯಾಟಿನ್ ಮಾತುಗಳು ಬಹು ಹಿಂದೆಯೇ ಅದರೊಳಗೆ ಸೇರಿದವು. ೫೯೭ರಲ್ಲಿ ರೋಮಿನಿಂದ ಬಂದ ಕ್ರೈಸ್ತ ಗುರುಗಳು ಲ್ಯಾಟಿನ್ನನ್ನು ಧರ್ಮದ ಭಾಷೆಯಾಗಿ ತಂದರು. ೧೦೬೬ರಲ್ಲಿ ನಾರ್ಮನರು ಇಂಗ್ಲೆಂಡನ್ನು ಗೆದ್ದ ಮೇಲೆ, ಲ್ಯಾಟಿನ್ನಿನ ಮಗಳಾದ ಫ್ರೆಂಚ್ ಭಾಷೆ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ನೆಲೆಸಿತು. ಹದಿನಾರನೆಯ ಶತಮಾನದ ಹೊತ್ತಿಗೆ ಪಂಡಿತರು ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳಿಂದ ನೂರಾರು ಪದಗಳನ್ನು ಕೈಯಾರೆ ಆಯ್ದುತಂದರು. ಹೀಗೆ ಸಾವಿರಕ್ಕೂ ಹೆಚ್ಚು ವರ್ಷ ಪಡೆದುಕೊಂಡ ಸಾಲದಿಂದ ಇಂಗ್ಲಿಷ್ ಸಂಪನ್ನವಾಯಿತು.

ಕನ್ನಡ ಬಲ್ಲವರಿಗೆ ಈ ಕಥೆ ಹೊಸದೇನಲ್ಲ. ತಾಯಿ, ಮನೆ, ನೀರು, ಕೈ ಎಂಬ ಮಾತುಗಳು ನಮ್ಮ ಸ್ವಂತದವು. ಐದನೆಯ ಶತಮಾನದ್ದೆಂದು ಹೇಳಲಾಗುವ ಹಲ್ಮಿಡಿ ಶಾಸನದಲ್ಲಿಯೇ ಅವುಗಳ ಪಕ್ಕದಲ್ಲಿ ಸಂಸ್ಕೃತದ ಪದಗಳು ಧಾರಾಳವಾಗಿ ಕುಳಿತಿವೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ, ಸಂಸ್ಕೃತದ ಪದಗಳು ಕನ್ನಡಕ್ಕೆ ಬರುವಾಗ ಹೇಗೆ ರೂಪ ಬದಲಿಸುತ್ತವೆ ಎಂಬುದಕ್ಕೆ ನಿಯಮಗಳನ್ನೇ ಹೇಳಿದ್ದಾನೆ. ಶ್ರೀ ಎಂಬುದು ಸಿರಿಯಾಯಿತು, ವರ್ಣವು ಬಣ್ಣವಾಯಿತು, ಕಾರ್ಯವು ಕಜ್ಜವಾಯಿತು. ಇವನ್ನು ನೀವು ವ್ಯಾಕರಣದಲ್ಲಿ ತತ್ಸಮ, ತದ್ಭವಗಳೆಂದು ಕಲಿತಿದ್ದೀರಿ.

ಇಂಗ್ಲಿಷಿನಲ್ಲಿಯೂ ತತ್ಸಮ, ತದ್ಭವಗಳಿವೆ. ಗ್ರೀಕ್ ಭಾಷೆಯಲ್ಲಿ ‘ದಿಸ್ಕೋಸ್’ ಎಂದರೆ ಆಟಗಾರರು ಎಸೆಯುವ ಗುಂಡಗಿನ ಚಪ್ಪಟೆ ಬಿಲ್ಲೆ. ಅದು ಲ್ಯಾಟಿನ್ನಿನಲ್ಲಿ ‘ದಿಸ್ಕುಸ್’ ಆಯಿತು. ಇಂಗ್ಲಿಷಿಗೆ ಮೊದಲ ಸಲ ಬಂದಾಗ ಅದು ಊಟದ ತಟ್ಟೆಯಾಗಿ ‘ಡಿಶ್’ ಎನಿಸಿತು. ಇನ್ನೊಮ್ಮೆ ಬಂದಾಗ ಬರೆಯುವ ಮೇಜಾಗಿ ‘ಡೆಸ್ಕ್’ ಎನಿಸಿತು. ಮತ್ತೂ ಒಮ್ಮೆ, ಹೆಚ್ಚು ರೂಪ ಕೆಡದೆ, ‘ಡಿಸ್ಕ್’ ಎಂದು ಬಂದಿತು. ನೀವು ಕುಳಿತು ಬರೆಯುವ ಡೆಸ್ಕು, ಮನೆಯ ಮಾಳಿಗೆಯ ಮೇಲಿನ ಟೆಲಿವಿಷನ್ ಡಿಶ್ಶು, ಆಟದ ಬಯಲಿನಲ್ಲಿ ಎಸೆಯುವ ಡಿಸ್ಕು, ಇವು ಮೂರೂ ಒಂದೇ ತಾಯಿಯ ಮಕ್ಕಳು.

ತರಗತಿಯೊಳಗೇ ಇನ್ನೂ ಸ್ವಲ್ಪ ಹುಡುಕೋಣ. ‘ಸ್ಕೂಲ್’ ಎಂಬುದರ ಮೂಲ ಗ್ರೀಕಿನ ‘ಸ್ಖೊಲೆ’; ಅದರ ಮೊದಲ ಅರ್ಥ ಬಿಡುವು! ಹೊಟ್ಟೆಪಾಡಿನ ಕೆಲಸದಿಂದ ಬಿಡುಗಡೆ ದೊರೆತ ಹೊತ್ತಿನಲ್ಲಿ ಮನುಷ್ಯನು ಯೋಚಿಸುತ್ತಾನೆ, ಚರ್ಚಿಸುತ್ತಾನೆ ಎಂದು ಗ್ರೀಕರು ಭಾವಿಸಿದ್ದರು. ಆದುದರಿಂದ ಬಿಡುವಿನ ಹೆಸರು ವಿದ್ಯೆಗೂ, ವಿದ್ಯೆಯ ಹೆಸರು ಅದನ್ನು ಕಲಿಸುವ ಮನೆಗೂ ಬಂದಿತು. ಕೂಲಿಗೆ ಹೋಗಬೇಕಾದ ಮಗುವಿಗೆ ಶಾಲೆ ಏಕೆ ದೂರವಾಗುತ್ತದೆ ಎಂಬುದನ್ನು ಈ ಒಂದು ಪದ ಎರಡು ಸಾವಿರ ವರ್ಷಗಳಿಂದ ಹೇಳುತ್ತಲೇ ಇದೆ.

‘ಪೆನ್’ ಎಂಬುದರ ಮೂಲವಾದ ಲ್ಯಾಟಿನ್ನಿನ ‘ಪೆನ್ನ’ ಎಂದರೆ ಹಕ್ಕಿಯ ಗರಿ. ಲೋಹದ ಮುಳ್ಳು ಬರುವ ಮೊದಲು ಯುರೋಪಿನವರು ಗರಿಯ ತುದಿಯನ್ನು ಕೊಯ್ದು, ಮಸಿಯಲ್ಲಿ ಅದ್ದಿ ಬರೆಯುತ್ತಿದ್ದರು. ಹಾರುವುದು ಎಂಬ ಅರ್ಥದ ಪ್ರಾಚೀನ ಧಾತುವೊಂದರಿಂದ ‘ಪೆನ್ನ’ ಹುಟ್ಟಿತು. ಸಂಸ್ಕೃತದ ‘ಪತ್ರ’ ಹುಟ್ಟಿದುದೂ ಅದೇ ಧಾತುವಿನಿಂದ. ಪತ್ರವೆಂದರೆ ರೆಕ್ಕೆ, ಅನಂತರ ಎಲೆ, ಎಲೆಯ ಮೇಲೆ ಬರೆದುದರಿಂದ ಓಲೆ. ಅಜ್ಜಿಗೆ ನೀವು ಪೆನ್ನಿನಿಂದ ಪತ್ರ ಬರೆಯುವಾಗ, ಬಹುಕಾಲದ ಹಿಂದೆ ಅಗಲಿದ ದಾಯಾದಿಗಳಿಬ್ಬರು ಕಾಗದದ ಮೇಲೆ ಭೇಟಿಯಾಗುತ್ತಾರೆ.

ಹಾಗಾದರೆ ‘ಪೆನ್ಸಿಲ್’ ಪೆನ್ನಿನ ಮರಿಯೇ? ಅಲ್ಲ. ಅದರ ಮೂಲವಾದ ‘ಪೆನಿಕಿಲ್ಲುಸ್’ ಎಂಬುದಕ್ಕೆ ಚಿಕ್ಕ ಬಾಲ ಎಂದು ಅರ್ಥ. ಚಿತ್ರಕಾರನ ಕೂದಲ ಕುಂಚಕ್ಕೆ ಅದು ಹೆಸರಾಗಿತ್ತು. ಬೂಷ್ಟಿನ ಒಂದು ಜಾತಿ ಸೂಕ್ಷ್ಮದರ್ಶಕದಲ್ಲಿ ಕುಂಚದಂತೆ ಕಂಡುದರಿಂದ ಅದಕ್ಕೆ ‘ಪೆನಿಸಿಲಿಯಂ’ ಎಂದು ಹೆಸರಾಯಿತು. ೧೯೨೮ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅದರಿಂದ ‘ಪೆನಿಸಿಲಿನ್’ ಎಂಬ ಔಷಧದ ಇರವನ್ನು ಕಂಡುಹಿಡಿದನು. ಪೆನ್ಸಿಲಿನ ನಿಜವಾದ ನಂಟು ಪೆನ್ನಿನೊಡನೆ ಅಲ್ಲ, ಪೆನಿಸಿಲಿನ್ನಿನೊಡನೆ. ಮಾತುಗಳ ಮುಖ ಒಂದೇ ತೆರನಾಗಿದ್ದ ಮಾತ್ರಕ್ಕೆ ಬಂಧುತ್ವವನ್ನು ಕಟ್ಟಬಾರದೆಂಬ ಎಚ್ಚರಿಕೆಯೂ ಇದರಲ್ಲಿದೆ.

ಕೆಲವು ವೇಳೆ ಮಾತಿಗೆ ಮಾತು ನೆಂಟನಲ್ಲದಿದ್ದರೂ ಚಿತ್ರಕ್ಕೆ ಚಿತ್ರ ನೆಂಟನಾಗುವುದುಂಟು. ಲ್ಯಾಟಿನ್ನಿನಲ್ಲಿ ‘ಪೂಪಿಲ್ಲ’ ಎಂದರೆ ಚಿಕ್ಕ ಹುಡುಗಿ, ಚಿಕ್ಕ ಬೊಂಬೆ. ಎದುರಿನವರ ಕಣ್ಣೊಳಗೆ ಇಣುಕಿ ನೋಡಿದರೆ ನಮ್ಮದೇ ಪುಟ್ಟ ಬಿಂಬವೊಂದು ಬೊಂಬೆಯಂತೆ ಕಾಣುತ್ತದೆ. ಆದುದರಿಂದ ರೋಮನರು ಕಣ್ಣಿನ ಆ ಕಪ್ಪು ಭಾಗವನ್ನು ‘ಪೂಪಿಲ್ಲ’ ಎಂದರು. ಇಂಗ್ಲಿಷಿನಲ್ಲಿ ಅದು ‘ಪ್ಯೂಪಿಲ್’ ಆಯಿತು. ನಾವೇನೆನ್ನುತ್ತೇವೆ? ಕಣ್ಣಿನ ಪಾಪೆ! ನಮ್ಮ ಪಾಪೆಗೂ ಮಗು, ಬೊಂಬೆ ಎಂಬ ಅರ್ಥಗಳಿವೆ. ಪದಗಳ ಧ್ವನಿಯಲ್ಲಿರುವ ಹೋಲಿಕೆ ಆಕಸ್ಮಿಕವಿರಬಹುದು, ಅದನ್ನು ನೆಚ್ಚಬೇಕಾಗಿಲ್ಲ. ಆದರೆ ರೋಮಿನ ತಾಯಿಯೂ ಕಾವೇರಿ ತೀರದ ತಾಯಿಯೂ ಮಗುವಿನ ಕಣ್ಣಿನೊಳಗೆ ನೋಡಿ ಒಂದೇ ಚಿತ್ರವನ್ನು ಕಂಡರಲ್ಲ, ಅದು ಆಕಸ್ಮಿಕವಲ್ಲ. ಮನುಷ್ಯನ ನೋಟ ಎಲ್ಲೆಡೆಯೂ ಒಂದೇ ಎಂಬುದಕ್ಕೆ ಅದು ಸಾಕ್ಷಿ. ಇನ್ನೂ ಒಂದು ಸಂಗತಿ: ಶಾಲೆಯಲ್ಲಿ ಕಲಿಯುವ ಮಗುವಿಗೂ ಇಂಗ್ಲಿಷಿನಲ್ಲಿ ‘ಪ್ಯೂಪಿಲ್’ ಎಂಬುದೇ ಹೆಸರು.

ತರಗತಿಯಿಂದ ಈಗ ರಸ್ತೆಗೆ ಬರೋಣ. ಸಾಲಿಗ್ರಾಮದಿಂದ ಮೈಸೂರಿಗೆ ಹೋಗುವವರು ಬಸ್ಸು ಹತ್ತುತ್ತಾರೆ. ‘ಬಸ್’ ಎಂದರೇನು? ೧೮೨೦ರ ದಶಕದಲ್ಲಿ ಫ್ರಾನ್ಸಿನ ನಾಂತ್ ನಗರದಲ್ಲಿ, ಹಣ ಕೊಟ್ಟ ಯಾರು ಬೇಕಾದರೂ ಕುಳಿತು ಹೋಗಬಹುದಾದ ಕುದುರೆಗಾಡಿಗಳು ಓಡತೊಡಗಿದವು. ಅವನ್ನು ‘ಓಮ್ನಿಬಸ್’ ಎಂದು ಕರೆದರು. ಲ್ಯಾಟಿನ್ನಿನ ‘ಓಮ್ನಿಬುಸ್’ ಎಂದರೆ ‘ಎಲ್ಲರಿಗೆ’. ೧೮೨೯ರಲ್ಲಿ ಅಂಥ ಗಾಡಿ ಲಂಡನ್ನಿಗೆ ಬಂದಿತು. ಜನರು ಉದ್ದನೆಯ ಹೆಸರನ್ನು ತುಂಡರಿಸಿ ‘ಬಸ್’ ಎಂದರು. ಇಲ್ಲಿ ಒಂದು ಸ್ವಾರಸ್ಯವಿದೆ. ‘ಓಮ್ನಿ’ ಎಂಬುದು ಪ್ರಕೃತಿ. ‘ಬುಸ್’ ಎಂಬುದು ಚತುರ್ಥೀ ವಿಭಕ್ತಿಯ ಬಹುವಚನ ಪ್ರತ್ಯಯ. ‘ಎಲ್ಲರಿಗೆ’ ಎಂಬ ಮಾತಿನಿಂದ ‘ಎಲ್ಲ’ವನ್ನು ಕಳೆದು ‘ರಿಗೆ’ ಎಂಬುದನ್ನೇ ಗಾಡಿಯ ಹೆಸರಾಗಿಸಿದಂತೆ! ಸಂಸ್ಕೃತದಲ್ಲಿ ‘ಸರ್ವೇಭ್ಯಃ’ ಎಂಬಲ್ಲಿ ಬರುವ ‘ಭ್ಯಃ’ ಪ್ರತ್ಯಯವೂ ಈ ‘ಬುಸ್’ ಪ್ರತ್ಯಯವೂ ಒಂದೇ ಬೇರಿನವೆಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ನಾವು ಅದಕ್ಕೆ ಉಕಾರವನ್ನು ಸೇರಿಸಿ ಕನ್ನಡದ ಮಾತನ್ನಾಗಿ ಮಾಡಿಕೊಂಡಿದ್ದೇವೆ. ‘ಬಸ್ಸಿಗೆ ಹೊತ್ತಾಯಿತು’ ಎನ್ನುವಾಗ, ಆ ಒಂದೇ ಪದದಲ್ಲಿ ರೋಮಿನ ಚತುರ್ಥಿಯೂ ಕನ್ನಡದ ಚತುರ್ಥಿಯೂ ಒಂದರ ಹಿಂದೊಂದು ಕುಳಿತು ಪಯಣಿಸುತ್ತವೆ.

ಈ ನೆಂಟಸ್ತಿಕೆ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಇನ್ನೂ ಸ್ಪಷ್ಟವಾಗಿದೆ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂಬ ಹೆಸರುಗಳನ್ನು ನಿಧಾನವಾಗಿ ಉಚ್ಚರಿಸಿ, ಅವುಗಳ ಪಕ್ಕದಲ್ಲಿ ಸಪ್ತ, ಅಷ್ಟ, ನವ, ದಶ ಎಂದು ಹೇಳಿನೋಡಿರಿ. ಪ್ರಾಚೀನ ರೋಮನರ ವರ್ಷ ಮಾರ್ಚಿಯಲ್ಲಿ ಆರಂಭವಾಗುತ್ತಿದ್ದುದರಿಂದ ಇವು ಏಳು, ಎಂಟು, ಒಂಬತ್ತು, ಹತ್ತನೆಯ ತಿಂಗಳುಗಳಾಗಿದ್ದವು. ವರ್ಷದ ಮೊದಲು ಜನವರಿಗೆ ಸರಿಯಿತು. ಹೆಸರುಗಳು ಮಾತ್ರ ಸರಿಯಲಿಲ್ಲ. ೧೭೮೬ರಲ್ಲಿ ಸರ್ ವಿಲಿಯಂ ಜೋನ್ಸ್ ಎಂಬ ವಿದ್ವಾಂಸನು ಕಲ್ಕತ್ತೆಯಲ್ಲಿ ಉಪನ್ಯಾಸ ಮಾಡುತ್ತ, ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸಾರಿದನು. ನಮ್ಮ ಕನ್ನಡ ಆ ಕುಟುಂಬಕ್ಕೆ ಸೇರಿದುದಲ್ಲ. ಅದು ತಮಿಳು, ತೆಲುಗು, ಮಲಯಾಳಗಳ ಜೊತೆಗೆ ದ್ರಾವಿಡ ಕುಟುಂಬದ್ದು. ಆದರೂ ಸಂಸ್ಕೃತದ ಪದಗಳು ಕನ್ನಡಿಗನ ನಾಲಗೆಯ ಮೇಲೆ ಇರುವುದರಿಂದ, ಲ್ಯಾಟಿನ್ನಿನ ಅನೇಕ ಮಾತುಗಳ ಗುರುತು ಹಿಡಿಯುವುದು ಅವನಿಗೆ ಸುಲಭವಾಗುತ್ತದೆ.

ಗ್ರೀಕರ ಮಾತುಗಳು ಇಂಗ್ಲಿಷಿನ ಬೆನ್ನೇರಿಯೇ ನಮ್ಮಲ್ಲಿಗೆ ಬಂದವೆಂದು ತಿಳಿಯಬಾರದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ದೊರೆತಿವೆ. ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞನಾದ ಟಾಲೆಮಿಗೆ ಬನವಾಸಿಯ ಹೆಸರು ತಿಳಿದಿತ್ತು. ಸರಕಿನ ಜೊತೆಗೆ ಮಾತೂ ಬರುವುದು ಸಹಜವೇ. ನಮ್ಮ ಶಾಸನಗಳಲ್ಲಿ ಕಾಣುವ ‘ದ್ರಮ್ಮ’ ಎಂಬ ನಾಣ್ಯದ ಹೆಸರು ಗ್ರೀಕರ ‘ದ್ರಾಖ್ಮೆ’ಯ ರೂಪಾಂತರ. ಖಗೋಳಶಾಸ್ತ್ರದ ಜೊತೆಯಲ್ಲಿ ‘ಕೆಂತ್ರೋನ್’ ಎಂಬ ಮಾತು ಸಂಸ್ಕೃತಕ್ಕೆ ಬಂದು ‘ಕೇಂದ್ರ’ವಾಯಿತು. ಅದರ ಮೊದಲ ಅರ್ಥ ಚುಚ್ಚುವ ಮೊನೆ. ಕೈವಾರದ ಒಂದು ಕಾಲಿನ ಮೊನೆಯನ್ನು ಚುಚ್ಚಿ ನಿಲ್ಲಿಸಿದ ಸ್ಥಳವೇ ವೃತ್ತದ ಕೇಂದ್ರವಲ್ಲವೇ? ನಾವು ದಿನವೂ ಕಾಣುವ ‘ತಾಲ್ಲೂಕು ಕೇಂದ್ರ’ ಎಂಬ ಮಾತನ್ನೇ ನೋಡಿರಿ. ತಾಲ್ಲೂಕು ಅರಬ್ಬೀ ಮೂಲದ್ದು, ಕೇಂದ್ರ ಗ್ರೀಕ್ ಮೂಲದ್ದು. ಆದರೂ ಅದನ್ನು ಕನ್ನಡವಲ್ಲವೆಂದು ಯಾರೂ ಹೇಳಲಾರರು.

ಹೊಲದಲ್ಲಿಯೂ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಬೆಳೆಯಿದೆ. ಸಸ್ಯವಿಜ್ಞಾನಿಗಳು ಭತ್ತವನ್ನು ‘ಒರೈಜ ಸಟೈವ’ ಎಂದು ಕರೆಯುತ್ತಾರೆ. ಮೊದಲನೆಯದು ಅಕ್ಕಿಗೆ ಗ್ರೀಕರಿಟ್ಟ ಹೆಸರು. ಎರಡನೆಯದು ‘ಬಿತ್ತಿ ಬೆಳೆದುದು’ ಎಂಬ ಅರ್ಥದ ಲ್ಯಾಟಿನ್ ಪದ. ನಮ್ಮ ರಾಗಿಯ ಹೆಸರು ‘ಎಲ್ಯುಸೈನೆ ಕೊರಕಾನ’. ಗ್ರೀಸ್ ದೇಶದ ಎಲ್ಯೂಸಿಸ್ ಎಂಬ ಊರಿನಲ್ಲಿ ಧಾನ್ಯಗಳ ಅಧಿದೇವತೆಯಾದ ಡೆಮೀಟರಳ ದೇಗುಲವಿತ್ತು. ಆ ಊರಿನ ಹೆಸರೇ ರಾಗಿಗೆ ಬಂದಿದೆ. ‘ಕೊರಕಾನ’ ಎಂಬುದು ಸಿಂಹಳದವರು ರಾಗಿಗೆ ಹೇಳುವ ‘ಕುರಕ್ಕನ್’ ಎಂಬ ಮಾತಿನಿಂದ ಬಂದುದು. ಅದೇ ಧಾನ್ಯದೇವತೆಯನ್ನು ರೋಮನರು ಸೆರೆಸ್ ಎಂದು ಪೂಜಿಸಿದರು. ಇಂಗ್ಲಿಷಿನಲ್ಲಿ ಧಾನ್ಯವನ್ನು ‘ಸೀರಿಯಲ್’ ಎನ್ನುವುದು ಅವಳ ಹೆಸರಿನಿಂದಲೇ. ಬಡವರ ಮುದ್ದೆಯ ಹಿಟ್ಟಿನಲ್ಲಿ ಗ್ರೀಕ್ ದೇವಾಲಯವೊಂದರ ನೆನಪು ಬೆರೆತಿದೆ ಎಂದರೆ ಯಾರಿಗೆ ತಾನೆ ಸೋಜಿಗವಾಗದು!

ಪದಗಳಂತೆಯೇ ನುಡಿಗಟ್ಟುಗಳೂ ಕಥೆಗಳನ್ನು ಬಚ್ಚಿಟ್ಟುಕೊಂಡಿರುತ್ತವೆ. ಬಲಶಾಲಿಯೊಬ್ಬನ ದುರ್ಬಲ ಸ್ಥಾನವನ್ನು ಇಂಗ್ಲಿಷರು ‘ಅಕಿಲಿಸನ ಹಿಮ್ಮಡಿ’ ಎನ್ನುತ್ತಾರೆ. ಮಗುವಾಗಿದ್ದಾಗ ಅಕಿಲಿಸನನ್ನು ಅವನ ತಾಯಿ ಸ್ಟಿಕ್ಸ್ ನದಿಯಲ್ಲಿ ಅದ್ದಿದಳು. ಅವನ ಮೈಯೆಲ್ಲ ಅಭೇದ್ಯವಾಯಿತು. ಅವಳು ಹಿಡಿದುಕೊಂಡಿದ್ದ ಹಿಮ್ಮಡಿಯೊಂದು ಮಾತ್ರ ನೆನೆಯಲಿಲ್ಲ. ಅಲ್ಲಿಯೇ ಬಾಣ ತಗುಲಿ ಅವನು ಮಡಿದನು. ಈ ಕಥೆಯನ್ನು ಕೇಳುವಾಗ, ಗಾಂಧಾರಿಯ ದೃಷ್ಟಿ ತಾಗದೆ ಉಳಿದ ದುರ್ಯೋಧನನ ತೊಡೆಯ ಕಥೆ ನಮಗೆ ನೆನಪಾಗದಿರದು. ಮತ್ತೆ ಹಿಂದಿರುಗಲಾಗದ ಹೆಜ್ಜೆಯನ್ನಿಡುವುದಕ್ಕೆ ‘ರೂಬಿಕಾನ್ ದಾಟುವುದು’ ಎಂಬ ಮಾತಿದೆ. ಕ್ರಿ.ಪೂ. ೪೯ರಲ್ಲಿ ಜೂಲಿಯಸ್ ಸೀಸರನು ಆ ಚಿಕ್ಕ ನದಿಯನ್ನು ಸೈನ್ಯಸಮೇತನಾಗಿ ದಾಟಿದನು, ಅಂತರ್ಯುದ್ಧ ಆರಂಭವಾಯಿತು. ದಾಟಬಾರದ ಗೆರೆಗೆ ನಾವು ‘ಲಕ್ಷ್ಮಣರೇಖೆ’ ಎನ್ನುತ್ತೇವೆ. ಅವರಿಗೆ ಹರ್ಕ್ಯುಲೀಸನ ಸಾಹಸವಿದ್ದಂತೆ ನಮಗೆ ಭಗೀರಥಪ್ರಯತ್ನವಿದೆ. ಎರಡು ಪರಂಪರೆಗಳ ಈ ಸಾಮ್ಯವನ್ನು ಚೆನ್ನಾಗಿ ಬಲ್ಲವರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು, ಗ್ರೀಕ್ ನಾಟಕಕಾರ ಸಾಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ಆವರಣಕ್ಕೆ ತಂದು ‘ಅಶ್ವತ್ಥಾಮನ್’ ಎಂಬ ಕನ್ನಡ ನಾಟಕವನ್ನು ರಚಿಸಿದರು.

ಇಷ್ಟನ್ನೆಲ್ಲ ತಿಳಿಯುವುದರಿಂದ ಪ್ರಯೋಜನವೇನೆಂದು ನೀವು ಕೇಳಬಹುದು. ಗ್ರಾಮಾಂತರದ ಪ್ರೌಢಶಾಲೆಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ಸಂಗತಿಯೊಂದಿದೆ. ‘ಫೋಟೋಸಿಂಥೆಸಿಸ್’ ಎಂಬ ಪದವನ್ನು ವಿದ್ಯಾರ್ಥಿಯು ಪುಟದ ತುಂಬ ಬರೆದು ಬಾಯಿಪಾಠ ಮಾಡುತ್ತಾನೆ. ಅಕ್ಷರವೊಂದು ತಪ್ಪಿದರೆ ನಾಚಿಕೊಳ್ಳುತ್ತಾನೆ. ಇಂಗ್ಲಿಷ್ ಬಲ್ಲವರಿಗೆ ಅದು ಹುಟ್ಟಿನಿಂದಲೇ ಬರುವುದೆಂದೂ, ತಾನು ಹಳ್ಳಿಯವನಾದುದರಿಂದ ತನಗೆ ಬಾರದೆಂದೂ ತಿಳಿಯುತ್ತಾನೆ. ಅನೇಕರು ವಿಜ್ಞಾನವನ್ನೇ ಬಿಟ್ಟುಬಿಡುವುದು ಈ ಭಯದಿಂದ. ಆದರೆ ಲಂಡನ್ನಿನಲ್ಲಿ ಹುಟ್ಟಿದ ಮಗುವಿಗೂ ಆ ಮಾತು ಮನೆಮಾತಲ್ಲ. ಅವನ ಪಾಲಿಗೂ ಅದು ಗ್ರೀಕೇ. ‘ಫೋಟೋ’ ಎಂದರೆ ಬೆಳಕು, ‘ಸಿಂಥೆಸಿಸ್’ ಎಂದರೆ ಕೂಡಿಸುವುದು ಎಂದು ಅವನೂ ಕಲಿಯಲೇಬೇಕು. ನಮ್ಮ ‘ದ್ಯುತಿಸಂಶ್ಲೇಷಣೆ’ಯಲ್ಲಿ ಇರುವುದೂ ಅದೇ: ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು.

ಬೀಗದ ಕೈಗಳಂತಿರುವ ಹತ್ತು ಮಾತುಗಳನ್ನು ನೆನಪಿನಲ್ಲಿಡಿರಿ. ಟೆಲಿ ಎಂದರೆ ದೂರ, ಫೋನ್ ಎಂದರೆ ದನಿ, ಮೈಕ್ರೋ ಎಂದರೆ ಸಣ್ಣದು, ಸ್ಕೋಪ್ ಎಂದರೆ ನೋಡುವ ಸಾಧನ, ಥರ್ಮೋ ಎಂದರೆ ಬಿಸಿ, ಮೀಟರ್ ಎಂದರೆ ಅಳತೆ, ಫೋಟೋ ಎಂದರೆ ಬೆಳಕು, ಗ್ರಾಫ್ ಎಂದರೆ ಬರಹ, ಬಯೋ ಎಂದರೆ ಬದುಕು, ಜಿಯೋ ಎಂದರೆ ಭೂಮಿ. ಇವನ್ನು ಒಂದಕ್ಕೊಂದು ಜೋಡಿಸುತ್ತ ಹೋದರೆ ಹತ್ತಾರು ಕಠಿಣ ಪದಗಳ ಬಾಗಿಲು ತಾನಾಗಿ ತೆರೆಯುತ್ತದೆ. ದೂರವಾಣಿ, ಸೂಕ್ಷ್ಮದರ್ಶಕ, ಉಷ್ಣಮಾಪಕ ಎಂಬ ಕನ್ನಡದ ಹೆಸರುಗಳನ್ನು ಕಟ್ಟಿದವರು ಮಾಡಿದುದೂ ಈ ಕೆಲಸವನ್ನೇ. ಅವರು ಪರಭಾಷೆಯ ಪದವನ್ನು ಒಡೆದು, ಒಳಗಿನ ಚಿತ್ರವನ್ನು ನಮ್ಮ ಅಕ್ಷರಗಳಲ್ಲಿ ಬರೆದರು.

ಸಾಲ ಪಡೆದುದರಿಂದ ಇಂಗ್ಲಿಷ್ ಕೀಳಾಗಲಿಲ್ಲ, ಕನ್ನಡವೂ ಆಗಲಿಲ್ಲ. ಬೇರೆ ಭಾಷೆಯ ಮಾತನ್ನು ಆಡುವುದರಲ್ಲಿ ಹೆಚ್ಚುಗಾರಿಕೆಯೂ ಇಲ್ಲ, ಅವಮಾನವೂ ಇಲ್ಲ. ಅರ್ಥವನ್ನು ಕೇಳದೆ ಹೊತ್ತ ಮಾತು ಹೊರೆ. ಅರ್ಥವನ್ನು ಕೇಳಿ ಪಡೆದ ಮಾತು ಆಸ್ತಿ. ಆದುದರಿಂದ ಹೊಸ ಪದವೊಂದು ಎದುರಾದಾಗ ಹೆದರಿ ಕಣ್ಣು ತಗ್ಗಿಸಬೇಡಿರಿ. ನಮ್ಮ ಹಳ್ಳಿಗಳಲ್ಲಿ ಮನೆಗೆ ಬಂದ ಅಪರಿಚಿತನಿಗೆ ನೀರು ಕೊಟ್ಟು, ‘ಯಾವೂರಾಯಿತು ತಮ್ಮದು?’ ಎಂದು ಕೇಳುವ ಪದ್ಧತಿಯಿದೆ. ಪದವನ್ನೂ ಹಾಗೆಯೇ ಕೇಳಿರಿ. ಅದು ತನ್ನ ಊರನ್ನೂ ಹೇಳುತ್ತದೆ, ದಾರಿಯ ಕಥೆಯನ್ನೂ ಹೇಳುತ್ತದೆ.

ಅಭ್ಯಾಸ

೧. ಸಾಲಿಗ್ರಾಮದ ಕಲ್ಲಿನಲ್ಲಿರುವ ಗುರುತನ್ನು ನಮ್ಮ ಹಿರಿಯರು ಹೇಗೆ ಕಂಡರು? ರೋಮನರು ಅಂಥ ಆಕಾರವನ್ನು ಹೇಗೆ ಕಂಡರು?
೨. ‘ಬಸ್ಸಿಗೆ’ ಎಂಬ ಪದದಲ್ಲಿ ಎರಡು ಚತುರ್ಥಿಗಳಿವೆ ಎಂದು ಲೇಖಕರು ಹೇಳಲು ಕಾರಣವೇನು?
೩. ಇಂಗ್ಲಿಷಿಗೆ ಲ್ಯಾಟಿನ್ನೊಡನೆ ಇರುವ ಸಂಬಂಧವನ್ನೂ ಕನ್ನಡಕ್ಕೆ ಸಂಸ್ಕೃತದೊಡನೆ ಇರುವ ಸಂಬಂಧವನ್ನೂ ಹೋಲಿಸಿ ಬರೆಯಿರಿ.
೪. ‘ಅರ್ಥವನ್ನು ಕೇಳದೆ ಹೊತ್ತ ಮಾತು ಹೊರೆ’: ಈ ಮಾತನ್ನು ನಿಮ್ಮ ಅನುಭವದಿಂದ ಸಮರ್ಥಿಸಿರಿ.
೫. ನಿಮ್ಮ ವಿಜ್ಞಾನ ಪುಸ್ತಕದಿಂದ ಐದು ಪಾರಿಭಾಷಿಕ ಪದಗಳನ್ನು ಆರಿಸಿ, ಅವುಗಳನ್ನು ಬಿಡಿಸಿ, ಒಳಗಿನ ಚಿತ್ರವನ್ನು ಕನ್ನಡದಲ್ಲಿ ವಿವರಿಸಿರಿ.